ಲಿಥಿಯಂ ವಿದ್ಯುತ್ಕೋಶವೂ ತೂಗುಕುರ್ಚಿಯ ಉಪಮೆಯೂ

ಲಿಥಿಯಂ-ಅಯಾನ್ ಬ್ಯಾಟರಿಯ ವ್ಯಾಪಾರವನ್ನು ತಿಳಿಸುವ ಗ್ರಂಥಗಳಲ್ಲಿ 'ತೂಗುಕುರ್ಚಿ'ಯೆಂಬ ಉಪಮೆಯೊಂದು ರೂಢವಾಗಿದೆ. ಸುಮಾರು 1980ರ ವೇಳೆಗೆ ಫ್ರಾನ್ಸಿನ ಮಿಶೆಲ್ ಆರ್ಮಾನ್ ಎಂಬ ವಿಜ್ಞಾನಿಯ ಹೆಸರಿನೊಡನೆ ಇದು ಸೇರಿಕೊಂಡಿತು. ಶಕ್ತಿಯನ್ನು ತುಂಬುವಾಗ ಒಂದು ವಿದ್ಯುದಗ್ರಕ್ಕೂ ವ್ಯಯಿಸುವಾಗ ಮತ್ತೊಂದಕ್ಕೂ ಲಿಥಿಯಂ ಅಯಾನುಗಳು ಹೋಗಿಬರುತ್ತವೆಂಬುದೇ ಇಲ್ಲಿಯ ಸಾಧಾರಣಧರ್ಮ. ಅಷ್ಟರ ಮಟ್ಟಿಗೆ ಉಪಮೆಯು ಮನೋಹರವೇ ಸರಿ. ಆದರೆ ವಿದ್ಯುದಗ್ರದ ಆಯುಸ್ಸನ್ನು ವಿವರಿಸುವೆಡೆಯಲ್ಲಿಯೂ ಇದನ್ನೇ ನೆಚ್ಚಿದರೆ ವಿದ್ಯಾರ್ಥಿಯು ದಾರಿ ತಪ್ಪುವನು.

ಭಾಮಹನು ಎಣಿಸಿದ ಏಳು ಉಪಮಾದೋಷಗಳಲ್ಲಿ ಮೊದಲನೆಯದು ಹೀನತೆ. ಉಪಮೇಯದಲ್ಲಿರುವ ವಿಶೇಷವು ಉಪಮಾನದಲ್ಲಿ ಇಲ್ಲದಿರುವುದೇ ಅದು. ತೂಗುಕುರ್ಚಿಯಲ್ಲಿ ಕುಳಿತವನು ಹೋದಂತೆಯೇ ಹಿಂದಿರುಗುವನು, ಲಿಥಿಯಂ ಹಾಗಲ್ಲ. ಮೊದಲ ಸಲ ಶಕ್ತಿ ತುಂಬುವಾಗಲೇ ಗ್ರಾಫೈಟಿನ ಮೇಲೆ ದ್ರಾವಣವು ವಿಘಟನೆ ಹೊಂದಿ ತೆಳುವಾದ ಪೊರೆಯೊಂದು ಹುಟ್ಟುತ್ತದೆ. ಲಿಥಿಯಂನ ಒಂದಂಶವು ಅಲ್ಲಿಯೇ ಸೆರೆಸಿಕ್ಕಿ ಮರಳಿ ಬಾರದು. ಲಿಥಿಯಂ ಲೋಹದ ಮೇಲಿನ ಇಂಥ ಪೊರೆಯ ಸ್ವರೂಪವನ್ನು 1979ರಲ್ಲಿ ಎಮಾನುಯೆಲ್ ಪೆಲೆಡ್ ನಿರೂಪಿಸಿದ್ದರು. ಸ್ವಾರಸ್ಯವೇನೆಂದರೆ, ಆಯುಸ್ಸನ್ನು ತಿನ್ನುವ ಈ ಪೊರೆಯೇ ಆಯುಸ್ಸಿಗೆ ರಕ್ಷೆಯೂ ಅಹುದು. ಅದು ದೃಢವಾಗಿ ನಿಂತರೆ ದ್ರಾವಣವು ಮುಂದೆ ಕೆಡುವುದು ಬಹುಮಟ್ಟಿಗೆ ತಡೆಯುತ್ತದೆ. ಪ್ರೊಪಿಲೀನ್ ಕಾರ್ಬೊನೇಟಿನಲ್ಲಿ ಪೊರೆಯು ನಿಲ್ಲದೆ ಗ್ರಾಫೈಟಿನ ಪದರಗಳೇ ಸುಲಿದುಹೋಗುತ್ತಿದ್ದವು. ಎಥಿಲೀನ್ ಕಾರ್ಬೊನೇಟು ಆ ತೊಡಕನ್ನು ಬಿಡಿಸಿತು. ಎರಡಕ್ಕೂ ಇರುವ ಭೇದ ಒಂದು ಮೀಥೈಲ್ ಗುಂಪು ಮಾತ್ರ! ಅರ್ಧಮಾತ್ರೆಗೆ ಹಿಗ್ಗುವ ವೈಯಾಕರಣರಿಗೆ ಇದು ಹೊಸ ಮಾತೆನಿಸದು.

'ಅಗ್ರವು ಸವೆಯಿತು' ಎಂದು ಬರೆಯುವವರೂ ಉಂಟು. ಇದೂ ಸಮಂಜಸವಲ್ಲ. ಸವೆತವು ಉಜ್ಜುವಿಕೆಯಿಂದ ಆಗತಕ್ಕದ್ದು, ಇಲ್ಲಿ ಉಜ್ಜುವವರಿಲ್ಲ. ಲಿಥಿಯಂ ತುಂಬಿದಾಗ ಗ್ರಾಫೈಟು ನೂರಕ್ಕೆ ಸುಮಾರು 10ರಷ್ಟು ಉಬ್ಬಿದರೆ, ಸಿಲಿಕಾನ್ ಸುಮಾರು 300ರಷ್ಟು ಉಬ್ಬುತ್ತದೆ. ಉಬ್ಬಿ ಕುಗ್ಗಿ ಬಿರಿಯುತ್ತದೆ. ಬಿರುಕಿನ ಹೊಸ ಮೈಗೆ ಹೊಸ ಪೊರೆ, ಪೊರೆಗೆ ಮತ್ತಷ್ಟು ಲಿಥಿಯಂ. ಆದುದರಿಂದಲೇ ಸಿಲಿಕಾನನ್ನು ಅತಿಸೂಕ್ಷ್ಮ ಕಣಗಳನ್ನಾಗಿಸಿ, ಇಂಗಾಲದ ಹೊದಿಕೆ ಕೊಟ್ಟು, ಗ್ರಾಫೈಟಿನೊಡನೆ ಅಲ್ಪಪ್ರಮಾಣದಲ್ಲಿ ಬೆರಸುವರು. 'ಸವೆತ'ವೆಂದು ಓದಿದವನಿಗೆ ಈ ಹೊದಿಕೆಯ ಪ್ರಯೋಜನವು ಹೇಗೆ ಹೊಳೆಯಬೇಕು?

ಆಯುಸ್ಸಿನ ಪ್ರಕರಣಕ್ಕೆ ಹೊಸ ಮಣ್ಣಿನ ಕಾಲುವೆಯೇ ತಕ್ಕ ಉಪಮಾನವೆಂದು ನಮಗೆ ತೋರುತ್ತದೆ. ಮೊದಲು ಹರಿದ ನೀರನ್ನು ನೆಲವು ಕುಡಿಯುವುದು. ಮೆಕ್ಕಲು ಕೂತಮೇಲೆ ಇಂಗುವುದು ತಗ್ಗುವುದು. ದಂಡೆ ಬಿರಿದರೆ ಮತ್ತೆ ಮೊದಲಿನಂತೆ. ಕಾಲುವೆಯ ನೀರು ಹಿಂದಿರುಗಿ ಹರಿಯದೆಂದು ಆಕ್ಷೇಪಿಸಬಹುದು. ಆ ಹೀನತೆ ಇದಕ್ಕೂ ಇದೆಯೆಂಬುದನ್ನು ಒಪ್ಪುತ್ತೇವೆ. ಗಮನಾಗಮನವನ್ನು ಹೇಳುವಾಗ ತೂಗುಕುರ್ಚಿಯೇ ಇರಲಿ.