ಬಡಾವಣೆಯೊಳಗಿನ ಊರು: ಜಾನಪದ ಅಧ್ಯಯನ ಕಾಣದ ಒಂದು ನೆಲೆ

ಕನ್ನಡ ಜಾನಪದ ಅಧ್ಯಯನವು ತನ್ನ ಆರಂಭದಿಂದಲೂ ಹಳ್ಳಿಯನ್ನು ಆಕರವಾಗಿಯೂ ನಗರವನ್ನು ಅಪಾಯವಾಗಿಯೂ ಗ್ರಹಿಸುತ್ತ ಬಂದಿದೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದ ಕಾಲಕ್ಕೆ ಈ ಗ್ರಹಿಕೆ ಸಹಜವೇ ಆಗಿತ್ತು. ಅಕ್ಷರಸ್ಥರ ಸಾಹಿತ್ಯ ಕಡೆಗಣಿಸಿದ್ದ ಹೆಣ್ಣುಮಕ್ಕಳ ದನಿಯನ್ನು ಕಾಗದಕ್ಕೆ ಇಳಿಸುವ ತುರ್ತು ಅಂದಿನದು. ಮುಂದೆ 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, 1994ರಲ್ಲಿ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇವೆಲ್ಲ ಅದೇ ತುರ್ತಿನ ವಿಸ್ತರಣೆಗಳು. ಈ ಎಲ್ಲ ಪ್ರಯತ್ನಗಳನ್ನು ನಡೆಸಿದ ಕ್ರಿಯಾಪದ ಒಂದೇ: ಉಳಿಸುವುದು. ಆ ಕೆಲಸದ ಋಣ ದೊಡ್ಡದು. ಆದರೆ ಉಳಿಸುವವನ ಕಣ್ಣಿಗೆ ಎದುರಿಗಿರುವುದೆಲ್ಲ ಅಳಿಯುತ್ತಿರುವಂತೆಯೇ ಕಾಣುತ್ತದೆ ಎಂಬುದನ್ನು ನಾವು ಸಾಕಷ್ಟು ಪರಿಶೀಲಿಸಿಲ್ಲ. ಈ ದೃಷ್ಟಿಯ ಮಿತಿ ಎಲ್ಲಕ್ಕಿಂತ ಸ್ಪಷ್ಟವಾಗಿ ಗೋಚರಿಸುವುದು ಬೆಳೆಯುತ್ತಿರುವ ನಗರದ ಅಂಚಿನ ಬಡಾವಣೆಗಳಲ್ಲಿ. ಪ್ರಸ್ತುತ ಲೇಖನವು ಬೆಂಗಳೂರಿನ ಬಡಾವಣೆಗಳನ್ನು ಮುಂದಿಟ್ಟುಕೊಂಡು ಈ ಮಿತಿಯನ್ನು ಚರ್ಚಿಸುತ್ತದೆ.

2007ರಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಸುಮಾರು 226 ಚದರ ಕಿಲೋಮೀಟರಿನಷ್ಟಿದ್ದ ನಗರದ ವ್ಯಾಪ್ತಿ ಒಮ್ಮೆಲೇ 700 ಚದರ ಕಿಲೋಮೀಟರನ್ನು ಮೀರಿತು. 2025ರಲ್ಲಿ ಆ ಪಾಲಿಕೆಯೂ ಹೋಗಿ, ಬೃಹತ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ಅದೇ ವರ್ಷ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಿಡಲು ಸರ್ಕಾರ ತೀರ್ಮಾನಿಸಿತು. ನಗರದಿಂದ ಕಾಪಾಡಬೇಕೆಂದು ಹಳ್ಳಿಯ ವಸ್ತುಗಳನ್ನು ಕೂಡಿಟ್ಟ ಜಾಗದ ಬಾಗಿಲಿಗೇ ನಗರದ ಹೆಸರು ಬಂದು ನಿಂತಂತಾಯಿತು.

ಆಡಳಿತದ ಭಾಷೆ ಇದನ್ನು ‘ಸೇರ್ಪಡೆ’ ಎನ್ನುತ್ತದೆ. ಸೇರಿಸಿಕೊಂಡ 110 ಹಳ್ಳಿಗಳು ಎಲ್ಲಿಗೂ ಎದ್ದು ಹೋಗಲಿಲ್ಲ. ಹೊಲಗಳು ನಿವೇಶನಗಳಾದವು, ಗುಂಡುತೋಪು ಬಸ್ಸು ನಿಲ್ಲುವ ಜಾಗವಾಯಿತು, ಕೆರೆಯ ಅಚ್ಚುಕಟ್ಟಿನಲ್ಲಿ ಬಹುಮಹಡಿ ಕಟ್ಟಡಗಳು ಎದ್ದವು. ಆದರೆ ಊರಿನ ಮನೆಸಾಲು, ಗ್ರಾಮದೇವತೆಯ ಗುಡಿ, ಅರಳಿಕಟ್ಟೆ, ಊರ ಮುಂದಿನ ಕರುವುಗಲ್ಲು ಇವು ಹೊಸ ಬೀದಿಗಳ ನಡುವೆ ಇದ್ದಲ್ಲಿಯೇ ಇವೆ. ಬಡಾವಣೆಯಲ್ಲಿ ಬದುಕುವುದೆಂದರೆ ಎರಡು ನಕ್ಷೆಗಳ ಮೇಲೆ ಒಟ್ಟಿಗೆ ಬದುಕುವುದು. ಒಂದು ನಕ್ಷೆಯಲ್ಲಿ ಮೊದಲನೆಯ ಮುಖ್ಯರಸ್ತೆ, ಹದಿನಾಲ್ಕನೆಯ ಅಡ್ಡರಸ್ತೆಗಳಿವೆ. ಇನ್ನೊಂದರಲ್ಲಿ ಕೋಡಿ, ತೂಬು, ಗೋಮಾಳ, ಮಾರಮ್ಮನ ಬಯಲು. ಮೊದಲನೆಯದನ್ನು ಓದಬಲ್ಲವರಿಗೆ ಎರಡನೆಯದರ ಅರಿವು ಇರುವುದಿಲ್ಲ. ಎರಡನ್ನೂ ಬಲ್ಲ ಊರಿನವರನ್ನು ನಮ್ಮ ಅಧ್ಯಯನ ‘ವಕ್ತೃ’ಗಳೆಂದು ಪರಿಗಣಿಸುವುದೇ ಅಪರೂಪ, ಏಕೆಂದರೆ ಅವರು ಮನೆ ಬಾಡಿಗೆ ವಸೂಲು ಮಾಡುತ್ತಾರೆ, ಕಾರು ಇಟ್ಟಿದ್ದಾರೆ, ರಾಗಿ ಬೀಸುವುದನ್ನು ಬಿಟ್ಟಿದ್ದಾರೆ.

ನಗರದಂಚಿನ ಜಾನಪದದ ಬಗೆಗಿನ ನಮ್ಮ ಬರಹಗಳಲ್ಲಿ ಸಾಮಾನ್ಯವಾಗಿ ಎರಡು ನಿಲುವುಗಳು ಕಾಣುತ್ತವೆ. ಮೊದಲನೆಯದು ನಾಶದ ಸಂಕಥನ. ಜಾಗತೀಕರಣದ ಹೊಡೆತಕ್ಕೆ ಹಳ್ಳಿ ನಲುಗಿತು, ಹಾಡು ನಿಂತಿತು, ಕುಣಿತ ವೇದಿಕೆಗೆ ಏರಿತು ಎಂಬ ವಿಷಾದ ಅದರ ಸ್ಥಾಯಿ. ಎರಡನೆಯದು ಅವಶೇಷದ ನಿಲುವು: ಇಷ್ಟರ ನಡುವೆಯೂ ಇಗೋ ಇಷ್ಟು ಉಳಿದಿದೆ ಎಂಬ ಸಮಾಧಾನ. ಇವೆರಡೂ ಪರಸ್ಪರ ವಿರುದ್ಧವೆಂದು ತೋರಿದರೂ ಒಂದು ವಿಷಯದಲ್ಲಿ ಒಪ್ಪುತ್ತವೆ. ಊರು ಮುಗಿದಿದೆ ಎಂಬುದನ್ನು ಎರಡೂ ಪೂರ್ವಭಾವಿಯಾಗಿ ಒಪ್ಪಿಕೊಂಡಿವೆ. ಊರು ಮುಗಿದಿದೆ ಎಂಬ ಮಾತು ಭೂಮಿಯ ವ್ಯವಹಾರ ಮಾಡುವವರಿಗೂ ಅತ್ಯಂತ ಪ್ರಿಯವಾದ ಮಾತು. ಊರೇ ಇಲ್ಲವಾದ ಮೇಲೆ ಅದರ ತೋಪು ಯಾರದು, ಕೆರೆ ಯಾರದು, ಸ್ಮಶಾನದ ದಾರಿ ಯಾರದು ಎಂಬ ಪ್ರಶ್ನೆಗಳೂ ಉಳಿಯುವುದಿಲ್ಲ. ನಮ್ಮ ವಿಷಾದವು ಯಾರ ಅನುಕೂಲಕ್ಕೆ ಒದಗುತ್ತಿದೆ ಎಂದು ಕೇಳಿಕೊಳ್ಳಬೇಕಾದ ಕಾಲ ಇದು.

ಸ್ಥಳನಾಮಗಳನ್ನೇ ನೋಡಬಹುದು. ಬೆಂಗಳೂರಿನ ಒಂದು ಪ್ರಸಿದ್ಧ ಬಡಾವಣೆಯನ್ನು ಜನ ಬಿ.ಟಿ.ಎಂ. ಎಂಬ ಮೂರಕ್ಷರಗಳಿಂದ ಗುರುತಿಸುತ್ತಾರೆ. ಆ ಮೂರಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು. ‘ಸಂದ್ರ’ವೆಂಬುದು ಸಮುದ್ರ, ಅಂದರೆ ದೊಡ್ಡ ಕೆರೆ. ತಾವರೆಕೆರೆ ತನ್ನ ಹೆಸರಿನಲ್ಲೇ ಕೆರೆಯನ್ನು ಹೊತ್ತಿದೆ. ಮಡಿವಾಳಕ್ಕೂ ಕೆರೆಯಿದೆ. ನೀರಿನ ಮೂರು ನೆನಪುಗಳನ್ನು ಮೂರು ಇಂಗ್ಲಿಷ್ ಅಕ್ಷರಗಳಿಗೆ ಇಳಿಸಿದಾಗ ಹೋದದ್ದು ಭಾಷೆಯ ಸೊಗಸು ಮಾತ್ರವಲ್ಲ. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ, ಅರೆಕೆರೆ ಮುಂತಾದ ಹೆಸರುಗಳನ್ನು ಸಾಲಾಗಿ ಇಟ್ಟರೆ, ಮಳೆಗಾಲದಲ್ಲಿ ಯಾವ ಬೀದಿಯಲ್ಲಿ ನೀರು ನಿಲ್ಲುತ್ತದೆ ಎಂಬುದಕ್ಕೆ ಅವು ಒಂದು ಬಗೆಯ ಸೂಚಿಯೇ ಆಗುತ್ತವೆ. ಕೆರೆಯಿಂದ ಕೆರೆಗೆ ಕೋಡಿಯ ನೀರನ್ನು ಒಯ್ಯುತ್ತಿದ್ದ ರಾಜಕಾಲುವೆಗಳ ಮೇಲೆ ಮನೆ ಕಟ್ಟಿಕೊಂಡವರು ಹೆಸರನ್ನು ಓದದೆ ನಿವೇಶನ ಕೊಂಡವರು. (ಕೆರೆಯೇ ಕಾಣದ ಕಟ್ಟಡಗಳಿಗೆ ‘ಲೇಕ್ ವ್ಯೂ’ ಎಂದು ಹೆಸರಿಡುವ ಹೊಸ ಸ್ಥಳನಾಮ ವಿಜ್ಞಾನದ ಬಗ್ಗೆ ಬೇರೆಯೇ ಪ್ರಬಂಧ ಬರೆಯಬಹುದು.) 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದಾಗ, 2017 ಮತ್ತು 2018ರಲ್ಲಿ ಅದೇ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಾಗ ಪರಿಸರ ವಿಜ್ಞಾನಿಗಳು, ನ್ಯಾಯಾಲಯಗಳು ಮಾತನಾಡಿದವು. ಕೆರೆಯ ಜಾನಪದವನ್ನು ದಶಕಗಳ ಕಾಲ ಸಂಗ್ರಹಿಸಿದ ನಮ್ಮ ವಲಯದ ದನಿ ಆ ಚರ್ಚೆಯಲ್ಲಿ ಕ್ಷೀಣವಾಗಿತ್ತು.

ಈ ಮೌನಕ್ಕೆ ನಾವು ಪಠ್ಯಗಳನ್ನು ಓದುವ ಕ್ರಮವೂ ಕಾರಣ. ‘ಕೆರೆಗೆ ಹಾರ’ ಕಥನಗೀತೆಯನ್ನು ತಲೆಮಾರುಗಳು ಪಾಠವಾಗಿ ಓದಿವೆ. ಕಿರಿಯ ಸೊಸೆ ಭಾಗೀರಥಿಯ ತ್ಯಾಗ, ಅದರ ಕರುಣರಸ, ಬಲಿಯ ಆಶಯ ಇವುಗಳ ಕುರಿತು ಹೇರಳ ಚರ್ಚೆಯಾಗಿದೆ. ಸ್ತ್ರೀವಾದಿ ಓದು ಬಂದ ಮೇಲೆ ಅದು ತ್ಯಾಗವಲ್ಲ, ಊರಿನ ಯಜಮಾನಿಕೆ ನಡೆಸಿದ ಹತ್ಯೆ ಎಂಬ ಮಾತೂ ಬಂತು. ಇದು ನ್ಯಾಯವಾದ ತಿದ್ದುಪಡಿ. ಬೆಂಗಳೂರಿನಲ್ಲಿಯೇ ಇದಕ್ಕೆ ಸಂವಾದಿಯಾದ ಐತಿಹ್ಯವೊಂದಿದೆ. ಕೋಟೆಯ ಬಾಗಿಲು ನಿಲ್ಲದೆ ಬೀಳುತ್ತಿದ್ದಾಗ ಕೆಂಪೇಗೌಡನ ಗರ್ಭಿಣಿ ಸೊಸೆ ಲಕ್ಷ್ಮಿದೇವಿ ತನ್ನನ್ನು ಬಲಿ ಕೊಟ್ಟುಕೊಂಡಳೆಂದು ಜನ ಹೇಳುತ್ತಾರೆ. ಅವಳದೆಂದು ನಂಬುವ ಸಮಾಧಿ ಕೋರಮಂಗಲದಲ್ಲಿದೆ. ಕೋಟೆಯಿಂದ ದೂರದ ಹಳ್ಳಿಯಾಗಿದ್ದ ಕೋರಮಂಗಲ ಈಗ ನಗರದ ದುಬಾರಿ ಬಡಾವಣೆಗಳಲ್ಲೊಂದು. ಆಶಯಸೂಚಿಯ ದೃಷ್ಟಿಯಿಂದ ಎರಡೂ ಒಂದೇ ಕಥೆ. ಆದರೆ ಕಥೆಯನ್ನು ಅದು ನಿಂತಿರುವ ನೆಲದ ಮೇಲೆ ಇಟ್ಟು ಓದಿದರೆ ಪ್ರಶ್ನೆ ಬದಲಾಗುತ್ತದೆ. ಕಟ್ಟುವ ಕೆಲಸಕ್ಕೆ ಬೆಲೆ ತೆರುವವರು ಯಾರು? ಹೊರಗಿನಿಂದ ಬಂದ ಸೊಸೆ ಎಂಬುದು ಎರಡು ಕಥೆಗಳ ಉತ್ತರ. ಇಂದಿನ ಬಡಾವಣೆಯನ್ನು ಕಟ್ಟುತ್ತಿರುವವರು ರಾಯಚೂರು, ಯಾದಗಿರಿ, ಕಲಬುರಗಿಯಿಂದ, ಬಿಹಾರ, ಒಡಿಶಾಗಳಿಂದ ಬಂದು ತಗಡಿನ ಶೆಡ್ಡುಗಳಲ್ಲಿ ಇರುವವರು. ಕಟ್ಟಡ ಮುಗಿದ ದಿನ ಶೆಡ್ಡು ಕೀಳುತ್ತಾರೆ. ಅವರು ತಂದ ಹಾಡು, ಹರಕೆ, ದೇವರಪಟಗಳು ಅವರೊಂದಿಗೇ ಮುಂದಿನ ಬಡಾವಣೆಗೆ ಹೋಗುತ್ತವೆ. ಕ್ಷೇತ್ರಕಾರ್ಯಕ್ಕೆ ನಾವು ಅವರ ಊರಿಗೆ ಹೋಗುತ್ತೇವೆ. ಅವರು ಇರುವುದು ನಮ್ಮ ಬೀದಿಯಲ್ಲಿ.

ಊರಹಬ್ಬದ ವಿಷಯಕ್ಕೆ ಬಂದರೆ ಚರ್ಚೆ ಇನ್ನಷ್ಟು ಜಟಿಲವಾಗುತ್ತದೆ. ಬೆಂಗಳೂರಿನ ಅಂಚಿನ ಊರುಗಳಲ್ಲಿ ಗ್ರಾಮದೇವತೆಯ ಹಬ್ಬಗಳು ಕ್ಷೀಣಿಸಿಲ್ಲ. ಹಲವೆಡೆ ಹಿಗ್ಗಿವೆ. ಹೆಣ್ಣುಮಕ್ಕಳು ತಂಬಿಟ್ಟಿನ ಆರತಿ ಹೊತ್ತು ಸಾಲಾಗಿ ಹೋಗುವುದು, ಹೂವಿನ ಪಲ್ಲಕ್ಕಿಗಳು ರಾತ್ರಿಯೆಲ್ಲ ಸುತ್ತುವುದು, ಸುತ್ತಲ ಊರುಗಳ ದೇವರುಗಳು ಒಂದೆಡೆ ಕೂಡುವುದು ಈಗಲೂ ನಡೆಯುತ್ತದೆ. ಭೂಮಿ ಮಾರಿದ ಹಣದಿಂದ ಆಡಂಬರ ಹೆಚ್ಚಿತು ಎಂದು ನಮ್ಮವರು ಇದನ್ನು ತಳ್ಳಿಹಾಕುವುದುಂಟು. ಆಡಂಬರ ನಿಜ. ಆದರೆ ಮೆರವಣಿಗೆ ಹೋಗುವ ದಾರಿಯನ್ನು ಗಮನಿಸಬೇಕು. ಪಲ್ಲಕ್ಕಿ ಹೊಸ ಮುಖ್ಯರಸ್ತೆಗಳ ಲೆಕ್ಕ ಹಿಡಿಯುವುದಿಲ್ಲ. ಹಳೆಯ ಗಡಿಗೆ ಹೋಗಿ ತಿರುಗುತ್ತದೆ. ಕರುವುಗಲ್ಲಿನ ಬಳಿ ನಿಲ್ಲುತ್ತದೆ. ಮುಚ್ಚಿದ ಕುಂಟೆಯ ಜಾಗದಲ್ಲಿ ಪೂಜೆ ಕೊಡುತ್ತದೆ. ವರ್ಷಕ್ಕೊಮ್ಮೆ ಊರು ತನ್ನ ಎಲ್ಲೆಯನ್ನು ತಾನೇ ಅಳತೆ ಮಾಡಿಕೊಳ್ಳುವ ಕ್ರಮ ಇದು. ಕಂದಾಯದ ಕಡತ ಕಳೆದುಹೋದಲ್ಲಿಯೂ ಈ ಅಳತೆ ಇದೆ.

ಇಲ್ಲಿ ಊರನ್ನು ಮುಗ್ಧವಾಗಿ ಚಿತ್ರಿಸುವ ಅಪಾಯವನ್ನೂ ತಪ್ಪಿಸಬೇಕು. ಆ ಮೆರವಣಿಗೆ ಯಾವ ಕೇರಿಗೆ ಹೋಗುತ್ತದೆ, ಯಾವ ಕೇರಿಯ ಬಾಯಲ್ಲಿ ನಿಂತು ಹಿಂದಿರುಗುತ್ತದೆ ಎಂಬುದೂ ಒಂದು ದಾಖಲೆಯೇ. ಹೊಲವಿದ್ದವರಿಗೆ ಬಡಾವಣೆ ಹಣ ತಂದಿತು. ತೂಬಿನ ನೀರು ಬಿಡುತ್ತಿದ್ದ ನೀರಗಂಟಿಗೆ, ತೋಟಿ, ತಳವಾರರಿಗೆ, ಗೋಮಾಳದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಮಾರಲು ಏನೂ ಇರಲಿಲ್ಲ. ಅವರ ಪಾಲಿಗೆ ಇದ್ದದ್ದು ಸಾಮುದಾಯಿಕ ನೆಲ. ಹೋದದ್ದೂ ಅದೇ. ನಾಶದ ಸಂಕಥನವು ಊರನ್ನು ಒಂದೇ ದೇಹವೆಂದು ಭಾವಿಸಿ ಅಳುವುದರಿಂದ, ಯಾರಿಗೆ ಎಷ್ಟು ನಷ್ಟವಾಯಿತೆಂಬ ಲೆಕ್ಕ ಅದರಲ್ಲಿ ಸಿಗುವುದಿಲ್ಲ.

ಈ ಬಗೆಯ ಓದಿಗೆ ಮಾದರಿಗಳು ಇಲ್ಲದಿಲ್ಲ. ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟಿಸಿದ ಬೆಂಗಳೂರು ಕರಗದ ಅಧ್ಯಯನವು ಆಚರಣೆಯನ್ನು ನಗರದ ಕೆರೆ-ತೋಟಗಳ ಭೂಗೋಳದೊಂದಿಗೆ ಇಟ್ಟು ನೋಡಿತು. ತಿಗಳ ಸಮುದಾಯದ ತೋಟಗಾರಿಕೆಗೆ ಆಧಾರವಾಗಿದ್ದ ಕೆರೆಗಳಲ್ಲಿ ಸಂಪಂಗಿ ಕೆರೆಯೂ ಒಂದು. ಅದರ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಪಕ್ಕದಲ್ಲಿ ಉಳಿದ ಪುಟ್ಟ ಹೊಂಡಕ್ಕೆ ಕರಗದ ವಿಧಿಗಳು ಇಂದಿಗೂ ಬರುತ್ತವೆ. ಕರಗದ ಬಗ್ಗೆ ಕನ್ನಡದಲ್ಲಿ ಬರೆದದ್ದು ಕಡಿಮೆಯೇನಲ್ಲ. ಆದರೆ ವೀರಕುಮಾರರ ಕತ್ತಿ, ಮಲ್ಲಿಗೆಯ ಮಾಲೆ, ದ್ರೌಪದಿಯ ಕಥೆಗಳ ವರ್ಣನೆಯಲ್ಲಿ ಆ ಬರಹಗಳು ಮುಗಿದುಬಿಡುವುದೇ ಹೆಚ್ಚು. ಕರಗ ಏಕೆ ಹೊಂಡಕ್ಕೆ ಹೋಗುತ್ತದೆ ಎಂಬ ಪ್ರಶ್ನೆಯಿಂದ ಆರಂಭಿಸಿದ್ದರೆ ನಗರದ ನೀರಿನ ಚರಿತ್ರೆಗೇ ಅವು ದಾರಿಯಾಗುತ್ತಿದ್ದವು.

ಬಡಾವಣೆಯು ಹಳೆಯದನ್ನು ಕೆಡಿಸುವ ಜಾಗ ಮಾತ್ರ ಎಂಬ ಗ್ರಹಿಕೆಯೂ ಚರಿತ್ರೆಯ ಎದುರು ನಿಲ್ಲುವುದಿಲ್ಲ. 1898ರ ಪ್ಲೇಗಿನ ಪರಿಣಾಮವಾಗಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಇಕ್ಕಟ್ಟಾದ ಪೇಟೆಯಿಂದ ಹೊರಗೆ ಅಗಲ ಬೀದಿ, ಗಾಳಿ ಬೆಳಕಿನ ಮನೆ ಎಂಬುದು ಅಂದಿನ ಯೋಜನೆ. ಅದೇ ಪ್ಲೇಗು ಬೆಂಗಳೂರಿಗೆ ಪ್ಲೇಗಿನ ಮಾರಮ್ಮನನ್ನೂ ಕೊಟ್ಟಿತು. ಒಂದೇ ಭೀತಿ ನೈರ್ಮಲ್ಯದ ನಕ್ಷೆಯನ್ನೂ ಹೊಸ ದೇವತೆಯನ್ನೂ ಹೆತ್ತಿತು. ಬಸವನಗುಡಿಯ ಕಡಲೆಕಾಯಿ ಪರಿಷೆ ಸುಂಕೇನಹಳ್ಳಿ ಮೊದಲಾದ ಊರುಗಳ ರೈತರ ನಂಬಿಕೆಯಿಂದ ಹುಟ್ಟಿದ್ದು. ಸುಂಕೇನಹಳ್ಳಿಯ ಹೊಲ ಹೋಗಿ ಶತಮಾನವಾಯಿತು, ಪರಿಷೆ ಬೆಳೆಯುತ್ತಲೇ ಇದೆ.

ಹೊಸ ಬಡಾವಣೆ ಹೆತ್ತದ್ದೆಲ್ಲ ಇಷ್ಟು ಸೌಮ್ಯವಲ್ಲ. 1990ರ ದಶಕದಲ್ಲಿ ಬೆಂಗಳೂರು ಹಾಗೂ ಸುತ್ತಲಿನ ಅನೇಕ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ರಾತ್ರಿ ಪರಿಚಿತರ ದನಿಯಲ್ಲಿ ಕೂಗುವ ದೆವ್ವವೊಂದು ಬಾಗಿಲು ತೆರೆದವರನ್ನು ಕೊಲ್ಲುತ್ತದೆ, ಬರಹವನ್ನು ಓದಿದರೆ ಹಿಂದಿರುಗುತ್ತದೆ ಎಂಬುದು ಐತಿಹ್ಯ. ನಮ್ಮ ಗಮನ ಸೆಳೆಯಬೇಕಾದದ್ದು ಅದರ ಬಾಗಿಲು. ಊರಿನ ಮನೆಗೆ ಜಗುಲಿ ಇತ್ತು. ಬಂದವರು ಅಲ್ಲಿ ಕೂರುತ್ತಿದ್ದರು. ಬಡಾವಣೆಯ ಮನೆಗೆ ಚಿಲಕವಿದೆ, ಕೂಗುವ ದನಿ ಯಾರದೆಂದು ಹೇಳುವ ನೆರೆಯವರಿಲ್ಲ. ದೆವ್ವಕ್ಕೂ ಓದು ಬರುತ್ತದೆ ಎಂಬ ನಂಬಿಕೆ ಅಕ್ಷರಸ್ಥ ಬಡಾವಣೆಗೆ ತಕ್ಕದ್ದೇ. ಜನಪದರೆಂದರೆ ಹಳ್ಳಿಗರೆಂದೇನೂ ಅಲ್ಲ, ಯಾವುದಾದರೊಂದು ಸಮಾನ ಅಂಶವುಳ್ಳ ಯಾವ ಗುಂಪಾದರೂ ಸರಿ ಎಂದು ಅಲನ್ ಡಂಡಸ್ 1970ರ ದಶಕದಲ್ಲಿಯೇ ವಾದಿಸಿದ್ದರು. ನಮ್ಮ ಪಠ್ಯಪುಸ್ತಕಗಳು ಈ ವ್ಯಾಖ್ಯೆಯನ್ನು ಉಲ್ಲೇಖಿಸುತ್ತವೆ. ಪ್ರಬಂಧದ ವಿಷಯ ಆರಿಸುವಾಗ ಮಾತ್ರ ಅದು ಮರೆತುಹೋಗುತ್ತದೆ.

‘ನಾಳೆ ಬಾ’ ನಗೆಯ ವಸ್ತುವಾಗಿ ಮುಗಿಯಿತು. ಆದರೆ ಬಾಗಿಲ ಹೊರಗಿನ ಅಪರಿಚಿತನ ಕಥೆ ಮುಗಿಯಲಿಲ್ಲ. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಫೋನಿನಿಂದ ಫೋನಿಗೆ ಹರಡಿ, ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಚಾಮರಾಜಪೇಟೆಯೂ 1892ರಲ್ಲಿ ಬಡಾವಣೆಯಾಗಿ ಹುಟ್ಟಿದ್ದೇ. ವದಂತಿ ಜಾನಪದದ ಒಂದು ಪ್ರಕಾರ. ಅದರ ರಚನೆ, ಪ್ರಸಾರ, ರೂಪಾಂತರಗಳನ್ನು ಗುರುತಿಸುವ ಸಲಕರಣೆಗಳು ನಮ್ಮ ಶಿಸ್ತಿನಲ್ಲಿವೆ. ಅಂಥ ವೇಳೆಯಲ್ಲಿ ಪೊಲೀಸರಿಗೂ ಪತ್ರಿಕೆಗಳಿಗೂ ನೆರವಾಗಬಹುದಾಗಿದ್ದ ಈ ತಿಳಿವಳಿಕೆಯನ್ನು ನಾವು ಬೀಸುವ ಕಲ್ಲಿನ ಪದಗಳ ಪಾಠಾಂತರಕ್ಕೆ ಮಾತ್ರ ಮೀಸಲಿಟ್ಟಿದ್ದೇವೆ.

ನೆರೆಯ ಶಿಸ್ತೊಂದರ ಉದಾಹರಣೆ ಇಲ್ಲಿ ಪ್ರಸ್ತುತ. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವನ್ನು ಹಿಡಿದು, ಇತ್ತೀಚಿನ ವರ್ಷಗಳಲ್ಲಿ ಹವ್ಯಾಸಿ ಆಸಕ್ತರು ಬೆಂಗಳೂರಿನ ಬಡಾವಣೆಗಳಲ್ಲಿ ಶಾಸನಗಳನ್ನು ಹುಡುಕಿದರು. 2018ರಲ್ಲಿ ಹೆಬ್ಬಾಳದಲ್ಲಿ ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂತು. ಶಾಸನಾಸಕ್ತರು ಬಡಾವಣೆಯನ್ನು ಶೋಕಿಸುತ್ತ ಕೂರಲಿಲ್ಲ. ಚರಂಡಿ ತೋಡುವಲ್ಲಿಗೆ ಹೋದರು.

ಜಾನಪದ ಕ್ಷೇತ್ರದಲ್ಲಿ ಇದಕ್ಕೆ ಸಮಾನವಾದ ಕೆಲಸ ಸಾಧ್ಯವಿದೆ, ಕಷ್ಟವೂ ಅಲ್ಲ. 2007ರಲ್ಲಿ ಸೇರಿಸಿಕೊಂಡ 110 ಹಳ್ಳಿಗಳ ಪಟ್ಟಿ ಸರ್ಕಾರದಲ್ಲಿದೆ. ಸರ್ವೆ ನಂಬರುಗಳುಳ್ಳ ಗ್ರಾಮನಕಾಶೆಗಳು ಭೂಮಾಪನ ಇಲಾಖೆಯಲ್ಲಿವೆ. ಒಂದೊಂದು ಊರಿನ ಹಬ್ಬದ ಮೆರವಣಿಗೆಯ ದಾರಿಯನ್ನು, ಅದು ನಿಲ್ಲುವ ತಾಣಗಳನ್ನು, ಅದು ಹೋಗದ ಕೇರಿಗಳನ್ನು ಈ ನಕಾಶೆಯ ಮೇಲೆ ಗುರುತಿಸಿ, ಆಯಾ ತಾಣದ ಹಳೆಯ ಹೆಸರನ್ನು ಊರಿನ ಹಿರಿಯರ ಬಾಯಿಂದಲೇ ದಾಖಲಿಸಬೇಕು. ಅಕಾಡೆಮಿ ಪ್ರತಿವರ್ಷ ನೀಡುವ ಸಂಶೋಧನಾ ವೇತನಗಳಲ್ಲಿ ಕೆಲವನ್ನಾದರೂ ಇದಕ್ಕೆ ತೆಗೆದಿರಿಸಬಹುದು. ತೋಪಿನ, ಕೆರೆಯಂಗಳದ ಒತ್ತುವರಿಯ ವ್ಯಾಜ್ಯಗಳು ನ್ಯಾಯಾಲಯದಲ್ಲಿ ಇನ್ನೂ ನಡೆಯುತ್ತಿರುವಾಗ, ಮತ್ತು ನೀರಗಂಟಿಯ ಕೆಲಸ ಕಂಡವರು ಇನ್ನೂ ಕೆಲವರು ಇರುವಾಗಲೇ ಇದು ಆಗಬೇಕು.