ವರ್ಡ್‌ಪರ್ಫೆಕ್ಟಿನ ಕಾಲಂಗಳು

1989ರಲ್ಲಿ ಡಾಸ್ ಕಂಪ್ಯೂಟರುಗಳಿಗೆಂದು ಬಂದ ವರ್ಡ್‌ಪರ್ಫೆಕ್ಟ್ 5.1ರಲ್ಲಿ ಪುಟವನ್ನು ಸಮ ಅಗಲದ ಕಾಲಂಗಳಾಗಿ ಸೀಳುವ ವ್ಯವಸ್ಥೆ ಇಂದಿಗೂ ಮೆಚ್ಚತಕ್ಕದ್ದು. ಆಲ್ಟ್ ಜೊತೆಗೆ ಎಫ್7 ಒತ್ತಿ, ಕಾಲಂಗಳ ಸಂಖ್ಯೆಯನ್ನೂ ನಡುವಿನ ಅಂತರವನ್ನೂ ಕೊಟ್ಟರಾಯಿತು. ಅಳತೆಯ ಲೆಕ್ಕ ತಂತ್ರಾಂಶದ್ದೇ. ಎಂಟೂವರೆ ಇಂಚು ಅಗಲದ ಅಮೆರಿಕನ್ ಕಾಗದದಲ್ಲಿ ಎರಡೂ ಬದಿಗೆ ಒಂದೊಂದು ಇಂಚು ಅಂಚು, ನಡುವೆ ಅರ್ಧ ಇಂಚು ಬಿಟ್ಟರೆ ಉಳಿಯುವುದು ತಲಾ ಮೂರು ಇಂಚಿನ ಎರಡು ಕಾಲಂ. ಹೀಗೆ 24 ಕಾಲಂಗಳವರೆಗೂ ಹೋಗಬಹುದಿತ್ತು, ಅಷ್ಟು ಯಾರಿಗೂ ಬೇಕಾಗುವುದು ಅಪರೂಪ.

ಪತ್ರಿಕೆಯ ಮಾದರಿಯಲ್ಲಿ ಬರಹ ಒಂದು ಕಾಲಂ ತುಂಬಿದ ಮೇಲೆ ತಾನಾಗಿ ಮುಂದಿನದರ ತಲೆಗೆ ಹರಿಯುತ್ತದೆ. ಅರ್ಧಕ್ಕೇ ನಿಲ್ಲಿಸಿ ಮುಂದಕ್ಕೆ ಹೋಗಬೇಕೆಂದರೆ ಕಂಟ್ರೋಲ್, ಎಂಟರ್. ಪಾತ್ರದ ಹೆಸರು ಎಡಕ್ಕೆ, ಮಾತು ಬಲಕ್ಕೆ ಬರಬೇಕಾದ ನಾಟಕದ ಪ್ರತಿಗೆ ಸಮಾಂತರ ಕಾಲಂ ಎಂಬ ಬೇರೆ ಬಗೆಯೇ ಇತ್ತು.

ಓಡಾಟದ ಕ್ರಮ ಇನ್ನೂ ಸೊಗಸು. ಬಲಬಾಣದ ಕೀಲಿ ಕರ್ಸರನ್ನು ಒಂದು ಕಾಲಮ್ಮಿನೊಳಗೆ ಅಕ್ಷರ ಅಕ್ಷರವಾಗಿ ನಡೆಸುತ್ತದೆ. ಪಕ್ಕದ ಕಾಲಮ್ಮಿಗೆ ದಾಟಲು ಮೊದಲು ಕಂಟ್ರೋಲ್, ಹೋಮ್ ಒತ್ತಿ, ಆಮೇಲೆ ಬಾಣ ಒತ್ತಬೇಕು. ಸಾಲು ಕೆಟ್ಟರೆ ಆಲ್ಟ್, ಎಫ್3. ಕಾಲಂ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬ ಸಂಕೇತಗಳು ಪರದೆಯ ಕೆಳಭಾಗದಲ್ಲಿ ಬಿಚ್ಚಿಕೊಳ್ಳುತ್ತವೆ, ಬೇಡದ್ದನ್ನು ಅಲ್ಲೇ ಅಳಿಸಬಹುದು.