ಕೆನ್ನಾಯಿಗಳ ಬೆನ್ನು ಹತ್ತಿದ ಕ್ಯಾಮೆರಾ

ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದು ಬಂಡೀಪುರಕ್ಕೆ ಹೋಗುವ ನಮ್ಮ ಕಡೆಯವರಿಗೆಲ್ಲ ಹುಲಿಯೇ ಬೇಕು. ಸೀಳುನಾಯಿ, ಅಂದರೆ ಕೆನ್ನಾಯಿ ಕಂಡರೆ ಜೀಪು ನಿಲ್ಲಿಸಿ ಎನ್ನುವವರು ಕಡಿಮೆ. ಮೈಸೂರಿನ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ-ಸೇನಾನಿ ಜೋಡಿ ಮಾತ್ರ ಈ ನಾಯಿಗಳಿಗೇ ವರ್ಷಗಟ್ಟಲೆ ಅಂಟಿಕೊಂಡಿತು. 2010ರಲ್ಲಿ ಅವರ ‘ದಿ ಪ್ಯಾಕ್’ ಸಾಕ್ಷ್ಯಚಿತ್ರಕ್ಕೆ ಬ್ರಿಸ್ಟಲ್‌ನ ವೈಲ್ಡ್‌ಸ್ಕ್ರೀನ್ ಉತ್ಸವದಲ್ಲಿ ಪಾಂಡಾ ಪ್ರಶಸ್ತಿ ಬಂತು. ಹಸಿರು ಆಸ್ಕರ್ ಅಂತ ಕರೆಯುತ್ತಾರಲ್ಲ, ಅದೇ.

ಪ್ರಶಸ್ತಿಗಿಂತ ನನಗೆ ದೊಡ್ಡದೆನಿಸುವುದು ಆ ತಾಳ್ಮೆ. ಸೀಳುನಾಯಿ ನಿಂತಲ್ಲಿ ನಿಲ್ಲದು. ಶಿಳ್ಳೆ ಹಾಕಿ ಒಂದನ್ನೊಂದು ಕರೆದು, ಗುಂಪಾಗಿ ಲಂಟಾನಾ ಪೊದೆಯೊಳಗೆ ನುಗ್ಗಿಬಿಡುತ್ತದೆ. ಫೋಕಸ್ ಹಿಡಿಯುವಷ್ಟರಲ್ಲಿ ಜಿಂಕೆಯೂ ಇಲ್ಲ, ನಾಯಿಯೂ ಇಲ್ಲ. ಮುಂದಿನ ನಡೆ ಮೊದಲೇ ಗೊತ್ತಿದ್ದವನಿಗಷ್ಟೇ ಚಿತ್ರ ದಕ್ಕುತ್ತದೆ. ಅದಕ್ಕೆ ಲೆನ್ಸಿಗಿಂತ ಒಡನಾಟ ಬೇಕು.

ಬ್ರಿಟಿಷರ ಕಾಲದಲ್ಲಿ ಕೊಂದವರಿಗೆ ಇನಾಮು ಕೊಡುತ್ತಿದ್ದ ಪ್ರಾಣಿಯಿದು, ಬೇಟೆಯನ್ನು ಜೀವಂತ ಸೀಳುವ ಕ್ರೂರಿ ಎಂದು. ಕೃಪಾಕರ-ಸೇನಾನಿಯವರ ಕ್ಯಾಮೆರಾ ಅದನ್ನು ಸಂಸಾರವಂತ ಜೀವಿಯಾಗಿ ನೋಡಿತು: ಮರಿಗಳಿಗೆ ಇಡೀ ಗುಂಪೇ ಮಾಂಸ ಕಕ್ಕಿ ಉಣಿಸುತ್ತದೆ. ಇವರದೇ ‘ಕೆನ್ನಾಯಿಯ ಜಾಡಿನಲ್ಲಿ’ ಪುಸ್ತಕವನ್ನೂ ಜೊತೆಗೆ ಓದಿಕೊಳ್ಳಿ.